ಸ್ವಿಚ್‌ನಿಂದ ಸ್ವಿಚ್‌ಗೆ 10 ಗಿಗಾಬಿಟ್: ತಾಮ್ರ ಎಲ್ಲಿಯವರೆಗೆ, ಫೈಬರ್ ಎಲ್ಲಿಂದ

24 ಪೋರ್ಟ್‌ನ ಗಿಗಾಬಿಟ್ ಸ್ವಿಚ್ ಒಂದನ್ನು ಕೋರ್ ಸ್ವಿಚ್‌ಗೆ (ಉಳಿದ ಸ್ವಿಚ್‌ಗಳೆಲ್ಲ ಬಂದು ಸೇರುವ ಮುಖ್ಯ ಸ್ವಿಚ್) ಒಂದೇ ಗಿಗಾಬಿಟ್ ಕೇಬಲ್‌ನಲ್ಲಿ ಕಟ್ಟಿದರೆ, 24 ಜನರ ಸಂಚಾರವೆಲ್ಲ ಒಬ್ಬರು ನುಸುಳುವಷ್ಟೇ ಜಾಗದಲ್ಲಿ ಹೋಗಬೇಕಾಗುತ್ತದೆ. ಅದೇ ಅಪ್‌ಲಿಂಕನ್ನು 10 ಗಿಗಾಬಿಟ್‌ಗೆ ಏರಿಸಿದರೆ ಈ ಅನುಪಾತ 2.4ಕ್ಕೆ 1 ಆಗುತ್ತದೆ. 48 ಪೋರ್ಟ್‌ನ ಸ್ವಿಚ್ ಆದರೆ 4.8ಕ್ಕೆ 1. ಎಲ್ಲರೂ ಒಂದೇ ಗಳಿಗೆಯಲ್ಲಿ ಪೂರ್ತಿ ವೇಗ ಎಳೆಯುವುದಿಲ್ಲವಾದ್ದರಿಂದ ಕಚೇರಿ, ಕಾಲೇಜು, ಆಸ್ಪತ್ರೆಗಳಿಗೆ ಇದು ಧಾರಾಳ ಸಾಕು.

ಈ 10 ಗಿಗಾಬಿಟ್ ಅನ್ನು ಯಾವ ಕೇಬಲ್‌ನಲ್ಲಿ ಒಯ್ಯಬೇಕು ಎನ್ನುವುದನ್ನು ತೀರ್ಮಾನಿಸುವುದು ಮುಖ್ಯವಾಗಿ ಎರಡೇ ಸಂಗತಿ: ದೂರ ಎಷ್ಟು, ಮತ್ತು ಕೇಬಲ್ ಕಟ್ಟಡದಿಂದ ಹೊರಗೆ ಹೋಗುತ್ತದೆಯೇ. ಒಂದು ಕಾಲೇಜನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ನೆಲಮಹಡಿಯ ಸರ್ವರ್ ರೂಮಿನ ರ್‍ಯಾಕ್‌ನಲ್ಲಿ ಕೋರ್ ಸ್ವಿಚ್ ಇದೆ. ಅದೇ ರ್‍ಯಾಕ್‌ನಲ್ಲಿ ಇನ್ನೆರಡು ಸ್ವಿಚ್‌ಗಳಿವೆ. ಎರಡನೇ ಮಹಡಿಯ ಲ್ಯಾಬಿನಲ್ಲಿ ಒಂದು, ಮೈದಾನದಾಚೆಯ ಗ್ರಂಥಾಲಯದಲ್ಲಿ ಒಂದು.

ಮೊದಲು ಟೇಪು ಹಿಡಿದು ಅಳೆಯಿರಿ, ಖರೀದಿ ಆಮೇಲೆ. ಕಣ್ಣಿಗೆ ಕಾಣುವ ದೂರ ಬೇರೆ, ಕೇಬಲ್ ಓಡುವ ದೂರ ಬೇರೆ. ರ್‍ಯಾಕ್‌ನಿಂದ ಸೂರಿಗೆ ಏರಿ, ಟ್ರೇಯಲ್ಲಿ ಸಾಗಿ, ಡಕ್ಟ್‌ನಲ್ಲಿ ಮೇಲೆ ಹತ್ತಿ, ಮತ್ತೆ ಇನ್ನೊಂದು ರ್‍ಯಾಕ್‌ಗೆ ಇಳಿಯುವುದನ್ನೆಲ್ಲ ಲೆಕ್ಕ ಹಾಕಿದಾಗ ‘ತಲೆಯ ಮೇಲೆ ಇರುವ’ ಲ್ಯಾಬು 45 ಮೀಟರ್ ದೂರಕ್ಕೆ ಹೋಗಿರುತ್ತದೆ. ಗ್ರಂಥಾಲಯ 220 ಮೀಟರ್ ಎಂದುಕೊಳ್ಳಿ.

ಒಂದೇ ರ್‍ಯಾಕ್‌ನೊಳಗೆ: ಡ್ಯಾಕ್ ಕೇಬಲ್

ಎರಡೂ ಸ್ವಿಚ್‌ನಲ್ಲಿ ಎಸ್‌ಎಫ್‌ಪಿ+ ಪೋರ್ಟ್ (ಕೇಬಲ್ ತಲೆಯನ್ನೋ, ಸಂಕೇತವನ್ನು ಬೆಳಕಿಗೆ ಇಲ್ಲವೇ ತಾಮ್ರಕ್ಕೆ ಹೊಂದಿಸುವ ಮಾಡ್ಯೂಲನ್ನೋ ತೂರಿಸುವ 10 ಗಿಗಾಬಿಟ್ ಗೂಡು) ಇದ್ದು, ನಡುವಿನ ದೂರ 3 ಮೀಟರ್‌ನೊಳಗೆ ಇದ್ದರೆ ಬೇರೆ ಯೋಚನೆಯೇ ಬೇಡ, ಪ್ಯಾಸಿವ್ ಡ್ಯಾಕ್ ಹಾಕಿ. ಇದು ಎರಡೂ ತುದಿಗೆ ಎಸ್‌ಎಫ್‌ಪಿ+ ತಲೆ ಕೂಡಿಸಿಯೇ ಬರುವ ತಾಮ್ರದ ಟ್ವಿನ್ಯಾಕ್ಸ್ ಕೇಬಲ್. ಮಾಡ್ಯೂಲ್ ಬೇರೆ ಕೊಳ್ಳಬೇಕಿಲ್ಲ, ಒರೆಸಿ ಶುಚಿ ಮಾಡುವ ಕೆಲಸವಿಲ್ಲ, ವಿದ್ಯುತ್ ಬಳಕೆ ಹೆಚ್ಚುಕಡಿಮೆ ಸೊನ್ನೆ. ಅರ್ಧ, 1, 2, 3, 5 ಮೀಟರ್ ಉದ್ದದಲ್ಲಿ ಸಿಗುತ್ತದೆ. 5 ಮೀಟರ್ ದಾಟಿದರೆ ಪ್ಯಾಸಿವ್ ಬೇಡ. ಆಗ ಆಕ್ಟಿವ್ ಡ್ಯಾಕ್ (ತಲೆಯೊಳಗೆ ಸಂಕೇತ ಬಲಪಡಿಸುವ ಚಿಪ್ ಇರುವುದು) ಅಥವಾ ಎಒಸಿ ತೆಗೆದುಕೊಳ್ಳಿ. ಎಒಸಿ ಎಂದರೆ ತಲೆಗಳು ಅಂಟಿಕೊಂಡೇ ಬರುವ ಫೈಬರ್ ಕೇಬಲ್.

ಉದ್ದವನ್ನು ಬೇಕಾದಷ್ಟೇ ಕೊಳ್ಳಿ. 1 ಮೀಟರ್ ಸಾಕಿರುವ ಕಡೆ 3 ಮೀಟರ್ ತಂದರೆ ಉಳಿದದ್ದನ್ನು ಸುತ್ತಿಡಲು ಜಾಗ ಸಾಲದು. ಉದ್ದ ಹೆಚ್ಚಿದಂತೆ ಒಳಗಿನ ತಂತಿ ದಪ್ಪವಾಗಿ ಕೇಬಲ್ ಬಿರುಸಾಗುತ್ತದೆ. ತಲೆಯ ಹಿಂದಿನ ಎರಡು ಮೂರು ಅಂಗುಲವನ್ನು ಎಂದೂ ಮಡಚಬೇಡಿ. ಬೆಸುಗೆ ಬಿಡುವುದು ಅಲ್ಲೇ. ಕೂಡಿಸುವಾಗ ‘ಟಕ್’ ಎನ್ನುವವರೆಗೆ ಒತ್ತಿ. ತೆಗೆಯುವಾಗ ಕೇಬಲ್ ಹಿಡಿದು ಜಗ್ಗದೆ, ತಲೆಗಿರುವ ಪಟ್ಟಿಯನ್ನು ನೇರವಾಗಿ ಎಳೆಯಿರಿ.

ಡ್ಯಾಕ್‌ನಲ್ಲಿ ಜನ ಎಡವುವುದು ಬ್ರಾಂಡ್ ಹೊಂದಾಣಿಕೆಯಲ್ಲಿ. ಪ್ರತಿ ತಲೆಯೊಳಗೂ ತಾನು ಯಾರು ಎಂದು ಹೇಳುವ ಪುಟ್ಟ ಮೆಮೊರಿ ಚಿಪ್ ಇರುತ್ತದೆ. ಸ್ವಿಚ್ ಅದನ್ನು ಓದಿ, ಪರಿಚಯವಿಲ್ಲದ ಹೆಸರಾದರೆ ಪೋರ್ಟನ್ನೇ ಮುಚ್ಚಬಹುದು. ಒಂದು ಕಡೆ ಒಂದು ಕಂಪನಿಯ ಸ್ವಿಚ್, ಇನ್ನೊಂದು ಕಡೆ ಇನ್ನೊಂದರದ್ದು ಇದ್ದರೆ ಪ್ರತಿ ತುದಿಗೆ ಅದರದೇ ಕೋಡಿಂಗ್ ಇರುವ ಕೇಬಲ್ ಎಂದು ಸ್ಪಷ್ಟವಾಗಿ ಬರೆದು ಆರ್ಡರ್ ಕೊಡಿ. ಸಿಸ್ಕೋದ ಹಲವು ಸ್ವಿಚ್‌ಗಳಲ್ಲಿ ‘ಸರ್ವಿಸ್ ಅನ್‌ಸಪೋರ್ಟೆಡ್-ಟ್ರಾನ್ಸೀವರ್’ ಎಂಬ ಆದೇಶ ಈ ತಡೆಯನ್ನು ಸಡಿಲಿಸುತ್ತದೆ. ತಾತ್ಕಾಲಿಕವಾಗಿ ಬಳಸಬಹುದು, ಆದರೆ ಖರೀದಿಯ ಹೊತ್ತಿಗೇ ಅದನ್ನು ನಂಬಿ ಕೂರಬೇಡಿ.

25 ಗಿಗಾಬಿಟ್‌ನ ಎಸ್‌ಎಫ್‌ಪಿ28 ಪೋರ್ಟ್‌ಗಳಿದ್ದರೆ ಇನ್ನೊಂದು ವಿಷಯ ಗಮನಿಸಿ. ಅಲ್ಲಿ ಡ್ಯಾಕ್ 5 ಮೀಟರ್ ಓಡಲು ಆರ್‌ಎಸ್-ಎಫ್‌ಇಸಿ ಎಂಬ ದೋಷ ತಿದ್ದುವ ವ್ಯವಸ್ಥೆ ಬೇಕು. ಅದಿಲ್ಲದೆ ಸುಮಾರು 3 ಮೀಟರ್ ಮಾತ್ರ. ಎಫ್‌ಇಸಿ ಒಂದು ಕಡೆ ಆನ್ ಇದ್ದು ಇನ್ನೊಂದು ಕಡೆ ಆಫ್ ಇದ್ದರೆ ಲಿಂಕ್ ಮೇಲೇಳುವುದೇ ಇಲ್ಲ. ಕೇಬಲ್ ಹೊಸದು, ಮಾಡ್ಯೂಲ್ ಗುರುತು ಸಿಕ್ಕಿದೆ, ಆದರೂ ಪೋರ್ಟ್ ಡೌನ್ ಎಂದರೆ ಮೊದಲು ನೋಡಬೇಕಾದದ್ದು ಇದನ್ನೇ.

45 ಮೀಟರ್‌ನ ಲ್ಯಾಬು: ಕ್ಯಾಟ್ 6ಎ ಆಗುತ್ತದೆ, ಆದರೆ

ಆರ್‌ಜೆ45 ಕನೆಕ್ಟರ್ ಮೇಲೆ 10 ಗಿಗಾಬಿಟ್ ಓಡಿಸುವ 10ಜಿಬೇಸ್-ಟಿ ಮಾನಕ 2006ರಲ್ಲೇ ಬಂತು. ಕ್ಯಾಟ್ 6ಎ ಕೇಬಲ್‌ನಲ್ಲಿ 100 ಮೀಟರ್, ಅಂದರೆ ಗೋಡೆಯೊಳಗೆ 90 ಮತ್ತು ಎರಡು ತುದಿಯ ತುಂಡು ಕೇಬಲ್‌ಗಳಾದ ಪ್ಯಾಚ್ ಕಾರ್ಡ್‌ಗಳಿಗೆ 10, ಇದರ ಮಿತಿ. ಕ್ಯಾಟ್ 6ರಲ್ಲಿ 55 ಮೀಟರ್ ಎಂದು ಬರೆದಿರುತ್ತಾರೆ, ಆದರೆ ಹತ್ತಾರು ಕೇಬಲ್‌ಗಳನ್ನು ಒಂದೇ ಕಟ್ಟಾಗಿ ಬಿಗಿದ ಕಡೆ ಪಕ್ಕದ ಕೇಬಲ್‌ನ ಸದ್ದು ಇದರೊಳಗೆ ನುಗ್ಗಿ ಅದು 37 ಮೀಟರ್‌ಗೆ ಇಳಿಯಬಹುದು. ನಮ್ಮ 45 ಮೀಟರ್ ಸರಿಯಾಗಿ ಈ ಅಪಾಯದ ಪಟ್ಟಿಯಲ್ಲೇ ಬೀಳುತ್ತದೆ. ಹಳೆಯ ಕ್ಯಾಟ್ 6 ಇದ್ದರೆ ಅದರ ಭರವಸೆಯ ಮೇಲೆ ದುಬಾರಿ ಸ್ವಿಚ್ ತರಬೇಡಿ. 2016ರ 802.3ಬಿಝಡ್ ಮಾನಕ ಬೆಂಬಲಿಸುವ ಸ್ವಿಚ್ ಆದರೆ ಅದೇ ಹಳೆಯ ಕೇಬಲ್‌ನಲ್ಲಿ 5 ಗಿಗಾಬಿಟ್ ನೆಮ್ಮದಿಯಾಗಿ ಸಿಗುತ್ತದೆ. ಕ್ಯಾಟ್ 5ಇ ಇದ್ದಲ್ಲಿ 2.5 ಗಿಗಾಬಿಟ್.

ತಾಮ್ರದ ಇನ್ನೊಂದು ತೊಂದರೆ ಶಾಖ. ಎಸ್‌ಎಫ್‌ಪಿ+ ಗೂಡಿಗೆ ಹಾಕುವ ಆರ್‌ಜೆ45 ಮಾಡ್ಯೂಲ್ ಸುಮಾರು 2.5 ವ್ಯಾಟ್ ಸುಡುತ್ತದೆ. ಕಡಿಮೆ ದೂರದ ಫೈಬರ್‌ಗೆ ಹಾಕುವ ಎಸ್‌ಆರ್ ಮಾಡ್ಯೂಲ್‌ಗೆ 1 ವ್ಯಾಟ್ ಸಾಕು. ಇಂಥ ಆರ್‌ಜೆ45 ಮಾಡ್ಯೂಲ್‌ಗಳು ಕೈ ಇಡಲಾಗದಷ್ಟು ಕಾಯುತ್ತವೆ, ಮತ್ತು ಬಹಳಷ್ಟಕ್ಕೆ 30 ಮೀಟರ್ ಅಷ್ಟೇ ಮಿತಿ. ಒಂದರ ಪಕ್ಕ ಒಂದನ್ನು ತುಂಬದೆ ನಡುವೆ ಒಂದು ಗೂಡು ಖಾಲಿ ಬಿಡಿ. ಎಸಿ ಇಲ್ಲದ, ಫ್ಯಾನ್ ಇಲ್ಲದ ಗೋಡೆ ರ್‍ಯಾಕ್‌ನಲ್ಲಿ ಇವನ್ನು ಹಾಕಲೇಬೇಡಿ.

ಹೊಸದಾಗಿ ಕ್ಯಾಟ್ 6ಎ ಎಳೆಯುವುದೇ ಆದರೆ ಕೇಬಲ್ ಅಪ್ಪಟ ತಾಮ್ರವೇ ಎಂದು ಖಾತ್ರಿ ಮಾಡಿಕೊಳ್ಳಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಬಾಕ್ಸ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಬೆಳ್ಳಗೆ ಕಂಡರೆ ಆ ಬಾಕ್ಸನ್ನು ವಾಪಸ್ ಕೊಡಿ. ಕ್ಯಾಟ್ 6ಎ ದಪ್ಪವಿರುವುದರಿಂದ ಕ್ಯಾಟ್ 6ರ ಪ್ಲಗ್ ಅದಕ್ಕೆ ಕೂರುವುದಿಲ್ಲ, 6ಎ ಜ್ಯಾಕ್‌ಗಳನ್ನೇ ತನ್ನಿ. ಜ್ಯಾಕ್‌ಗೆ ಒತ್ತುವಾಗ ಜೋಡಿ ತಂತಿಗಳ ಹೊಸೆತವನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬೇಡಿ. ಗಿಗಾಬಿಟ್‌ನಲ್ಲಿ ಕ್ಷಮೆಯಾಗುವ ತಪ್ಪು 10 ಗಿಗಾಬಿಟ್‌ನಲ್ಲಿ ಆಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಅಭಿಪ್ರಾಯ: ಸ್ವಿಚ್‌ನಿಂದ ಸ್ವಿಚ್‌ಗೆ ಹೊಸ ಕೇಬಲ್ ಎಳೆಯಬೇಕೆಂದರೆ 10 ಮೀಟರ್ ದಾಟಿದ ಕೂಡಲೇ ಫೈಬರ್ ಎಳೆಯಿರಿ. ತಾಮ್ರವನ್ನು ಕಂಪ್ಯೂಟರ್, ಕ್ಯಾಮೆರಾ, ವೈಫೈಗಳಿಗೆ ಬಿಡಿ.

ಯಾವ ಫೈಬರ್?

ಮಲ್ಟಿಮೋಡ್, ಸಿಂಗಲ್‌ಮೋಡ್ ಎಂದು ಎರಡು ಜಾತಿ. ಬೆಳಕು ಓಡುವ ಒಳಗಿನ ಎಳೆ ಮಲ್ಟಿಮೋಡ್‌ನಲ್ಲಿ 50 ಮೈಕ್ರಾನ್ (ತೀರಾ ಹಳೆಯ ತಲೆಮಾರಾದ ಓಎಂ1ರಲ್ಲಿ 62.5), ಸಿಂಗಲ್‌ಮೋಡ್‌ನಲ್ಲಿ ಸುಮಾರು 9 ಮೈಕ್ರಾನ್. ಎಸ್‌ಆರ್ ಮಾಡ್ಯೂಲ್ 850 ನ್ಯಾನೋಮೀಟರ್ ಬೆಳಕಿನಲ್ಲಿ ಮಲ್ಟಿಮೋಡ್ ಮೇಲೆ ಓಡುತ್ತದೆ. ಎಲ್‌ಆರ್ ಮಾಡ್ಯೂಲ್ 1310 ನ್ಯಾನೋಮೀಟರ್‌ನಲ್ಲಿ ಸಿಂಗಲ್‌ಮೋಡ್ ಮೇಲೆ. ಎಸ್‌ಆರ್‌ನ ಹಿಡಿಕೆ ಸಾಮಾನ್ಯವಾಗಿ ಕಪ್ಪು ಅಥವಾ ತಿಳಿಗಂದು, ಎಲ್‌ಆರ್‌ನದು ನೀಲಿ.

10 ಗಿಗಾಬಿಟ್ ಎಸ್‌ಆರ್ ಎಷ್ಟು ದೂರ ಓಡುತ್ತದೆ ಎನ್ನುವುದು ಕೇಬಲ್‌ನ ವಯಸ್ಸಿನ ಮೇಲೆ ನಿಂತಿದೆ. ಓಎಂ4ನಲ್ಲಿ 400 ಮೀಟರ್, ಓಎಂ3ನಲ್ಲಿ 300, ಓಎಂ2ನಲ್ಲಿ 82, ಓಎಂ1ನಲ್ಲಿ ಬರೀ 33. ಹಳೆಯ ಕಟ್ಟಡದಲ್ಲಿ ‘ಫೈಬರ್ ಆಗಲೇ ಇದೆ’ ಎಂದಾಗ ಹೊದಿಕೆಯ ಬಣ್ಣ ನೋಡಿ. ಕಿತ್ತಳೆ ಎಂದರೆ ಓಎಂ1 ಅಥವಾ ಓಎಂ2, ತಿಳಿ ಸಮುದ್ರನೀಲಿ ಎಂದರೆ ಓಎಂ3 ಅಥವಾ ಓಎಂ4, ನೇರಳೆ ಓಎಂ4, ಹಳದಿ ಸಿಂಗಲ್‌ಮೋಡ್. ಬಣ್ಣವೊಂದನ್ನೇ ನಂಬದೆ ಕೇಬಲ್ ಮೈಮೇಲಿನ ಅಚ್ಚಕ್ಷರವನ್ನೂ ಓದಿ. ಹೊರಾಂಗಣದ ಕೇಬಲ್ ಹೆಚ್ಚಾಗಿ ಕಪ್ಪೇ ಇರುತ್ತದೆ.

ಹೊಸದಾಗಿ ಎಳೆಯುವುದಾದರೆ ಕಟ್ಟಡದೊಳಗೂ ಓಎಸ್2 ಸಿಂಗಲ್‌ಮೋಡನ್ನೇ ಹಾಕಿ. ಇಂದು 10 ಗಿಗಾಬಿಟ್ ಎಲ್‌ಆರ್‌ಗೆ 10 ಕಿಲೋಮೀಟರ್ ಓಡುವ ಅದೇ ಎಳೆ ನಾಳೆ 25, 100 ಗಿಗಾಬಿಟ್‌ಗೂ ಆಗುತ್ತದೆ. ಓಎಂ3ರ ಕಥೆ ಹಾಗಲ್ಲ: 10ಕ್ಕೆ 300 ಮೀಟರ್ ಓಡಿದ್ದು 25 ಗಿಗಾಬಿಟ್‌ಗೆ 70 ಮೀಟರ್‌ಗೆ ಕುಗ್ಗುತ್ತದೆ. ಕೇಬಲ್ ಎಳೆಯುವ ಕೂಲಿ, ಗೋಡೆ ಕೊರೆಯುವ ಶ್ರಮ ಎರಡೂ ಸಲ ಬೇಡ.

220 ಮೀಟರ್‌ನ ಗ್ರಂಥಾಲಯ

ಎರಡು ಕಟ್ಟಡಗಳ ನಡುವೆ ತಾಮ್ರ ಬೇಡ, 50 ಮೀಟರ್ ಇದ್ದರೂ ಬೇಡ. ಎರಡೂ ಕಟ್ಟಡಗಳ ಅರ್ತಿಂಗ್ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆ ವ್ಯತ್ಯಾಸ ಕೇಬಲ್ ಮೂಲಕ ಹರಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಿದ್ದರೆ ಎರಡೂ ತುದಿಯ ಸ್ವಿಚ್‌ಗಳು ಒಟ್ಟಿಗೇ ಹೋಗಬಹುದು. ಫೈಬರ್ ಗಾಜು, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಇಲಿ, ಅಳಿಲುಗಳಿಂದ ಕಾಪಾಡಲು ಬಳಸುವ ಆರ್ಮರ್ಡ್ ಕೇಬಲ್‌ನ ಉಕ್ಕಿನ ಕವಚದಲ್ಲಿ ಹರಿಯುತ್ತದೆ! ಕೇಬಲ್ ಕಟ್ಟಡ ಪ್ರವೇಶಿಸುವ ಜಾಗದಲ್ಲೇ ಆ ಕವಚವನ್ನು ಕತ್ತರಿಸಿ ಅರ್ತ್ ಮಾಡಿ, ರ್‍ಯಾಕ್‌ನವರೆಗೆ ಹಾಗೇ ತರಬೇಡಿ.

ಈ ಒಂದು ಲಿಂಕ್‌ಗೆ ಬೇಕಾದ ಸಾಮಾನು: 6 ಕೋರ್‌ನ (ಆರು ಗಾಜಿನ ಎಳೆಗಳ) ಆರ್ಮರ್ಡ್ ಓಎಸ್2 ಕೇಬಲ್ 240 ಮೀಟರ್ (ಎರಡೂ ತುದಿಗೆ ಹತ್ತತ್ತು ಮೀಟರ್ ಸುರುಳಿ ಬಿಡಲು ಸೇರಿಸಿ), ಪೂರ್ತಿ ದೂರಕ್ಕೆ ಎಚ್‌ಡಿಪಿಇ ಪೈಪ್, ಎಲ್‌ಐಯು (ಕೇಬಲ್ ತುದಿ ಬಿಚ್ಚಿ ಜೋಡಿಸಿಡುವ ಪೆಟ್ಟಿಗೆ) 2, ಎಲ್‌ಸಿ ಪಿಗ್‌ಟೇಲ್ (ಒಂದು ತುದಿಗೆ ಎಲ್‌ಸಿ ಕನೆಕ್ಟರ್ ಇರುವ ತುಂಡು ಫೈಬರ್) 12, ಸ್ಪ್ಲೈಸ್ ಸ್ಲೀವ್ (ಬೆಸೆದ ಜಾಗಕ್ಕೆ ಹಾಕುವ ರಕ್ಷಾ ಕೊಳವೆ) 12, ಡ್ಯೂಪ್ಲೆಕ್ಸ್ (ಜೋಡಿ) ಎಲ್‌ಸಿ ಅಡಾಪ್ಟರ್ 6, ಓಎಸ್2 ಎಲ್‌ಸಿ–ಎಲ್‌ಸಿ ಪ್ಯಾಚ್ ಕಾರ್ಡ್ 2, ಎಲ್‌ಆರ್ ಮಾಡ್ಯೂಲ್ 2. ಕಾರ್ಡ್ ಒಂದು, ಮಾಡ್ಯೂಲ್ ಒಂದು ಹೆಚ್ಚುವರಿ ಇಟ್ಟುಕೊಳ್ಳಿ. ಲಿಂಕ್‌ಗೆ ಬೇಕಿರುವುದು ಎರಡೇ ಕೋರ್ ಆದರೂ ಆರನ್ನೂ ಈಗಲೇ ಸ್ಪ್ಲೈಸ್ ಮಾಡಿಸಿ, ಅಂದರೆ ಮೆಷಿನ್‌ನಲ್ಲಿ ಪಿಗ್‌ಟೇಲ್‌ಗೆ ಬೆಸೆಯಿಸಿ. ಇನ್ನೊಮ್ಮೆ ಮೆಷಿನ್ ಕರೆಸುವ ಖರ್ಚು ಉಳಿಯುತ್ತದೆ. ಕೋರ್‌ಗಳ ಕ್ರಮ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ. ಎರಡೂ ಎಲ್‌ಐಯುನಲ್ಲಿ ಇದೇ ಕ್ರಮ ಇರಬೇಕು.

ಕೇಬಲನ್ನು ಎಳೆಯುವಾಗ ಅದರ ವ್ಯಾಸದ 20 ಪಟ್ಟಿಗಿಂತ ಸಣ್ಣ ತಿರುವು ಕೊಡಬೇಡಿ, ಇಟ್ಟಾದ ಮೇಲೆ 10 ಪಟ್ಟು ಸಾಕು. 12 ಮಿಲಿಮೀಟರ್ ಕೇಬಲ್ ಆದರೆ ಎಳೆಯುವಾಗ 24 ಸೆಂಟಿಮೀಟರ್ ತ್ರಿಜ್ಯ. ಪೈಪನ್ನು ಕನಿಷ್ಠ ಮೂರು ಅಡಿ ಆಳದಲ್ಲಿ ಹೂತು, ಮೇಲೆ ಒಂದಡಿ ಆಳದಲ್ಲಿ ಎಚ್ಚರಿಕೆಯ ಟೇಪ್ ಹಾಸಿ. ಜೆಸಿಬಿಯವರಿಗೆ ಮೊದಲು ಕಾಣುವುದು ಅದೇ.

ಈಗ ಬೆಳಕಿನ ಲೆಕ್ಕ. ಓಎಸ್2ನಲ್ಲಿ ಕಿಲೋಮೀಟರ್‌ಗೆ 0.4 ಡಿಬಿ (ಬೆಳಕಿನ ನಷ್ಟ ಅಳೆಯುವ ಮಾನ) ನಷ್ಟ ಹಿಡಿದರೆ 240 ಮೀಟರ್‌ಗೆ 0.1. ಎಲ್‌ಐಯು ಜೋಡಣೆ ಎರಡು, ತಲಾ 0.75ರಂತೆ 1.5. ಸ್ಪ್ಲೈಸ್ ಎರಡು, ತಲಾ 0.3ರಂತೆ 0.6. ಒಟ್ಟು 2.2 ಡಿಬಿ. 10 ಗಿಗಾಬಿಟ್ ಎಲ್‌ಆರ್ ಸಹಿಸುವುದು 6.2 ಡಿಬಿ. ಧಾರಾಳವಾಗಿ ಉಳಿಯಿತು. ಇಲ್ಲಿ ಕಲಿಯಬೇಕಾದದ್ದೇನೆಂದರೆ, ಕ್ಯಾಂಪಸ್‌ನೊಳಗೆ ಬೆಳಕನ್ನು ತಿನ್ನುವುದು ದೂರವಲ್ಲ, ಜೋಡಣೆಗಳು. ‘ದೂರ ಇದೆ, ಜಾಸ್ತಿ ಶಕ್ತಿಯದೇ ಇರಲಿ’ ಎಂದು 40 ಕಿಲೋಮೀಟರ್‌ನ ಇಆರ್ ಮಾಡ್ಯೂಲ್ ಹಾಕಬೇಡಿ. ಅದು +4 ಡಿಬಿಎಂವರೆಗೆ (ಬೆಳಕಿನ ಬಲದ ಅಳತೆ) ಬೆಳಕು ಕಳಿಸಬಹುದು, ಅದರದೇ ರಿಸೀವರ್ ತಾಳುವುದು −1ರವರೆಗೆ ಮಾತ್ರ. ನಡುವೆ ಬೆಳಕು ತಗ್ಗಿಸುವ ಅಟೆನ್ಯುಯೇಟರ್ ಇಲ್ಲದಿದ್ದರೆ ರಿಸೀವರ್ ಕೆಟ್ಟೇ ಹೋಗಬಹುದು.

ಮನೆಗೆ ಬರುವ ಬ್ರಾಡ್‌ಬ್ಯಾಂಡ್‌ನ ಹಸಿರು ತುದಿಯ ಕಾರ್ಡ್ ಇದಕ್ಕೆ ಆಗದು. ಅದರ ಮುಖ ಓರೆಯಾಗಿ ಕಡೆದ ಎಪಿಸಿ. ಸ್ವಿಚ್ ಮಾಡ್ಯೂಲ್‌ಗೆ ನೀಲಿ ತುದಿಯ ಯುಪಿಸಿ ಬೇಕು. ಎರಡನ್ನು ಒಂದಕ್ಕೊಂದು ಒತ್ತಿದರೆ ಬೆಳಕೂ ಸೋರುತ್ತದೆ, ಮುಖವೂ ಗೀರಾಗುತ್ತದೆ.

ಕೂಡಿಸುವ ಮುನ್ನ ಒರೆಸುವುದು

ಫೈಬರ್ ಲಿಂಕ್‌ಗಳ ತೊಂದರೆಯಲ್ಲಿ ಮೊದಲ ಸಂಶಯ ಕೊಳೆಯ ಮೇಲೇ ಹೋಗಬೇಕು. ಎಲ್‌ಸಿ ಕನೆಕ್ಟರ್‌ನ ಮುಚ್ಚಳ ತೆಗೆದರೆ 1.25 ಮಿಲಿಮೀಟರ್ ದಪ್ಪದ ಬಿಳಿ ಪಿಂಗಾಣಿ ಕಡ್ಡಿ ಕಾಣುತ್ತದೆ. ಅದರ ನಟ್ಟನಡುವೆ ಬೆಳಕು ಹೊರಡುವ ಜಾಗ 9 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70. ಬೆರಳು ತಾಗಿ ಉಳಿದ ಎಣ್ಣೆಯ ಪಸೆಯೊಂದೇ ಆ ಕಿಂಡಿಯನ್ನು ಮುಚ್ಚಲು ಸಾಕು. ಹೊಸ ಪ್ಯಾಕೆಟ್‌ನಿಂದ ತೆಗೆದದ್ದು ಶುಚಿಯಾಗಿಯೇ ಇರುತ್ತದೆ ಎಂದುಕೊಳ್ಳಬೇಡಿ, ಮುಚ್ಚಳದೊಳಗೂ ಪ್ಲಾಸ್ಟಿಕ್ ಧೂಳು ಇರುತ್ತದೆ.

1.25 ಮಿಲಿಮೀಟರ್‌ನ ಕ್ಲಿಕ್ ಕ್ಲೀನರ್ ತೆಗೆದುಕೊಂಡು ಕನೆಕ್ಟರ್‌ಗೆ ನೇರವಾಗಿ ಹಿಡಿದು ‘ಕ್ಲಿಕ್’ ಎನ್ನುವವರೆಗೆ ಒತ್ತಿ. ಒಳಗಿನ ದಾರ ಒಂದು ಸುತ್ತು ತಿರುಗಿ ಮುಖ ಒರೆಸುತ್ತದೆ. ಎರಡು ಸಲ ಸಾಕು. ಎಲ್‌ಐಯು ಅಡಾಪ್ಟರ್‌ನ ಒಳಗಡೆಯ ಕನೆಕ್ಟರನ್ನೂ ಹಾಗೇ ಒರೆಸಿ, ಜನ ಮರೆಯುವುದು ಅದನ್ನೇ. ಅಂಗಿಯ ತುದಿ, ಬಾಯಿಯ ಉಸಿರು ಎರಡೂ ನಿಷಿದ್ಧ. ಒರೆಸಿದ ತಕ್ಷಣ ಕೂಡಿಸಿ. ಬೆಳಕು ಬರುತ್ತಿದೆಯೇ ಎಂದು ಕನೆಕ್ಟರ್‌ನೊಳಗೆ ಇಣುಕಬೇಡಿ. ಈ ಲೇಸರ್ ಕಣ್ಣಿಗೆ ಕಾಣುವಂಥದ್ದಲ್ಲ.

ಒಂದು ಕಡೆಯ ಟಿಎಕ್ಸ್ (ಬೆಳಕು ಕಳಿಸುವ ತೂತು) ಇನ್ನೊಂದು ಕಡೆಯ ಆರ್‌ಎಕ್ಸ್‌ಗೆ (ಪಡೆಯುವ ತೂತಿಗೆ) ಹೋಗಬೇಕು. ಲಿಂಕ್ ಬರದಿದ್ದರೆ ಒಂದು ತುದಿಯಲ್ಲಿ ಮಾತ್ರ ಡ್ಯೂಪ್ಲೆಕ್ಸ್ ಕ್ಲಿಪ್ ಬಿಚ್ಚಿ ಎರಡು ಎಲ್‌ಸಿಗಳನ್ನು ಅದಲುಬದಲು ಮಾಡಿ. ಎರಡೂ ತುದಿಯಲ್ಲಿ ಮಾಡಿದರೆ ಮೊದಲಿದ್ದ ಜಾಗಕ್ಕೇ ಬಂದಂತಾಯಿತು.

ಸ್ವಿಚ್‌ನೊಳಗಿನ ಸಿದ್ಧತೆ

ಎರಡು ಕೇಬಲ್ ಹಾಕಿ 20 ಗಿಗಾಬಿಟ್ ಮಾಡುವ ಯೋಚನೆ ಇದ್ದರೆ ಕ್ರಮ ಬಹಳ ಮುಖ್ಯ. ಎರಡನೇ ಕೇಬಲ್ ಬಿಚ್ಚಿಟ್ಟು, ಮೊದಲು ಎರಡೂ ಸ್ವಿಚ್‌ನಲ್ಲಿ ಎಲ್‌ಎಸಿಪಿ (ಹಲವು ಕೇಬಲ್‌ಗಳನ್ನು ಒಂದೇ ಲಿಂಕಾಗಿ ಕೂಡಿಸುವ ವಿಧಾನ) ಗುಂಪು ಮಾಡಿ, ಎರಡೂ ಕಡೆ ‘ಆಕ್ಟಿವ್’ ಇಡಿ. ಎರಡೂ ಕಡೆ ‘ಪ್ಯಾಸಿವ್’ ಇದ್ದರೆ ಯಾರೂ ಮಾತು ಶುರು ಮಾಡದೆ ಗುಂಪು ಕೂಡುವುದಿಲ್ಲ. ಗುಂಪು ಒಂದು ಕೇಬಲ್‌ನಲ್ಲಿ ಎದ್ದು ನಿಂತದ್ದನ್ನು ನೋಡಿ ಆಮೇಲೆ ಎರಡನೆಯದನ್ನು ಚುಚ್ಚಿ. ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀ ಆಫ್ ಇರುವ ಸ್ವಿಚ್‌ಗಳ ನಡುವೆ ಗುಂಪು ಮಾಡದೆ ಎರಡು ಕೇಬಲ್ ಹಾಕಿದರೆ ಲೂಪ್ ಆಗಿ, ಅಂದರೆ ಪ್ಯಾಕೆಟ್‌ಗಳು ಕೊನೆಯಿಲ್ಲದೆ ಸುತ್ತಿ, ಎಲ್ಲ ಪೋರ್ಟ್‌ಗಳ ದೀಪಗಳೂ ಒಂದೇ ತಾಳದಲ್ಲಿ ಮಿಣಮಿಣಗುಟ್ಟಿ ಇಡೀ ಜಾಲ ಕೆಲವೇ ಸೆಕೆಂಡಿನಲ್ಲಿ ಮಲಗುತ್ತದೆ. ಸ್ಪ್ಯಾನಿಂಗ್ ಟ್ರೀಯ ವೇಗದ ಆವೃತ್ತಿಯಾದ ಆರ್‌ಎಸ್‌ಟಿಪಿ ಸದಾ ಆನ್ ಇರಲಿ. ಕೋರ್ ಸ್ವಿಚ್‌ನ ಪ್ರಿಯಾರಿಟಿಯನ್ನು 32768ರಿಂದ 4096ಕ್ಕೆ ಇಳಿಸಿ, ಅದೇ ರೂಟ್ ಆಗಲಿ. ಇಲ್ಲದಿದ್ದರೆ ಮೂಲೆಯ ಹಳೆಯ ಸ್ವಿಚ್ ಯಜಮಾನನಾಗಿ ಕೂತು ಸಂಚಾರವೆಲ್ಲ ಸುತ್ತುದಾರಿ ಹಿಡಿಯುತ್ತದೆ.

ಎರಡು 10 ಸೇರಿದರೂ ಒಂದೇ ಫೈಲ್ ಕಾಪಿಗೆ 20 ಸಿಗುವುದಿಲ್ಲ. ಒಂದು ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ. ಬೇರೆ ಬೇರೆ ಸಂಪರ್ಕಗಳು ಎರಡರ ನಡುವೆ ಹಂಚಿಕೊಳ್ಳುತ್ತವೆ. ಒಂದು ಸರ್ವರ್‌ಗೇ ವೇಗ ಬೇಕೆಂದರೆ 25 ಗಿಗಾಬಿಟ್ ಪೋರ್ಟ್ ಬೇಕು. ಹಾಗೆಯೇ, ಗ್ರಂಥಾಲಯದ ಎರಡೂ ಲಿಂಕ್ ಒಂದೇ ಕೇಬಲ್‌ನ ಕೋರ್‌ಗಳಲ್ಲಿ ಇದ್ದರೆ ಗುದ್ದಲಿ ಬಿದ್ದ ದಿನ ಎರಡೂ ಹೋಗುತ್ತವೆ. ನಿಜವಾದ ಬದಲಿ ವ್ಯವಸ್ಥೆಗೆ ಬೇರೆ ದಾರಿಯಲ್ಲಿ ಇನ್ನೊಂದು ಕೇಬಲ್ ಬೇಕು.

ಎರಡೂ ತುದಿಯ ವಿಎಲ್‌ಎಎನ್ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ಜಾಲಗಳು) ಪಟ್ಟಿ, ನೇಟಿವ್ ವಿಎಲ್‌ಎಎನ್ (ಗುರುತು ಇಲ್ಲದ ಸಂಚಾರ ಸೇರುವ ಜಾಲ), ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಒಂದೇ ಇರಲಿ.

ದೀಪ ಹಸಿರಾದರೆ ಸಾಲದು

ಲಿಂಕ್ ಎದ್ದ ಮೇಲೆ ಬೆಳಕಿನ ಅಳತೆ ನೋಡಿ. ಸಿಸ್ಕೋದಲ್ಲಿ ‘ಶೋ ಇಂಟರ್‌ಫೇಸಸ್ ಟ್ರಾನ್ಸೀವರ್’ ಆದೇಶ. ಬೇರೆ ಕಂಪನಿಗಳ ಸ್ವಿಚ್‌ಗಳಲ್ಲಿ ಡಿಡಿಎಂ ಅಥವಾ ಡಿಓಎಂ ಎಂಬ ಪುಟ ಹುಡುಕಿ. ಕೋರ್ ಕಡೆಯ ಮಾಡ್ಯೂಲ್ −2.5 ಡಿಬಿಎಂ ಕಳಿಸುತ್ತಿದ್ದರೆ, 2.2 ಡಿಬಿ ಕಳೆದು ಗ್ರಂಥಾಲಯದಲ್ಲಿ −4.7 ಅಥವಾ ಅದಕ್ಕಿಂತ ಚೆನ್ನಾಗಿ ಕಾಣಬೇಕು. ಅಲ್ಲಿ −11 ಕಂಡರೆ? ಎಲ್‌ಆರ್‌ನ ಕೆಳಮಿತಿ −14.4 ಆದ್ದರಿಂದ ದೀಪ ಹಸಿರಾಗಿಯೇ ಇರುತ್ತದೆ, ನೆಟ್ ಕೂಡ ಓಡುತ್ತದೆ. ಆದರೆ ಲೆಕ್ಕಕ್ಕೆ ಸಿಗದ 6 ಡಿಬಿ ಎಲ್ಲೋ ಸೋರುತ್ತಿದೆ: ಕೊಳಕು ಕನೆಕ್ಟರ್, ಬಾಗಿಲಿಗೆ ಸಿಕ್ಕಿದ ಕಾರ್ಡ್, ಇಲ್ಲವೇ ಕೆಟ್ಟ ಸ್ಪ್ಲೈಸ್. ಆವತ್ತೇ ಹುಡುಕಿ. ಎಸ್‌ಆರ್ ಆದರೆ ಕೆಳಮಿತಿ −9.9.

ಬೆಳಕು ಎಲ್ಲಿ ಕಡಿದಿದೆ ಎಂದು ತಿಳಿಯಲು ಎರಡೂ ತುದಿಯ ಮಾಡ್ಯೂಲ್ ಬಿಚ್ಚಿ, ಕೆಂಪು ಬೆಳಕಿನ ವಿಎಫ್‌ಎಲ್ ಪೆನ್ ಹಚ್ಚಿ. ಮುರಿದ, ಮಡಚಿದ ಜಾಗದಲ್ಲಿ ಕಾರ್ಡ್ ಕೆಂಪಗೆ ಹೊಳೆಯುತ್ತದೆ. ನೆಲದೊಳಗಿನ ಕೇಬಲ್‌ಗೆ ಓಟಿಡಿಆರ್ (ಕಡಿದ ಜಾಗ ಎಷ್ಟು ದೂರ ಎಂದು ತೋರಿಸುವ ಉಪಕರಣ) ಇರುವವರನ್ನೇ ಕರೆಸಬೇಕು.

ಲಿಂಕ್ ಇದ್ದೂ ಸಿಆರ್‌ಸಿ ದೋಷಗಳ (ದಾರಿಯಲ್ಲಿ ಕೆಟ್ಟ ಪ್ಯಾಕೆಟ್‌ಗಳ) ಎಣಿಕೆ ಏರುತ್ತಿದ್ದರೆ ಎಣಿಕೆಯನ್ನು ಸೊನ್ನೆ ಮಾಡಿ ಅರ್ಧ ಗಂಟೆ ಬಿಟ್ಟು ನೋಡಿ. ಮತ್ತೆ ಏರಿದರೆ ಒರೆಸಿ, ಆಗಲೂ ಏರಿದರೆ ಪ್ಯಾಚ್ ಕಾರ್ಡ್ ಬದಲಿಸಿ, ಕೊನೆಗೆ ಮಾಡ್ಯೂಲ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಂದು ತುದಿ ಎಸ್‌ಆರ್, ಇನ್ನೊಂದು ಎಲ್‌ಆರ್ ಆಗಿಲ್ಲವೇ, ಸಿಂಗಲ್‌ಮೋಡ್ ದಾರಿಯಲ್ಲಿ ಎಲ್ಲೋ ಮಲ್ಟಿಮೋಡ್ ಕಾರ್ಡ್ ಸೇರಿಲ್ಲವೇ ಎಂದೂ ನೋಡಿ. ಇಂಥ ಬೆರಕೆ ಕೆಲವೊಮ್ಮೆ ಅರೆಬರೆ ಓಡುವುದರಿಂದಲೇ ದಿನಗಟ್ಟಲೆ ಕಾಡುತ್ತದೆ.

ತಾಮ್ರದ ಲಿಂಕ್‌ನಲ್ಲಿ ನೋಡಬೇಕಾದದ್ದು ನಿಜವಾಗಿ ಕೂಡಿದ ವೇಗ. ಕೆಲವು ಪೋರ್ಟ್‌ಗಳು ಕೇಬಲ್ ಚೆನ್ನಾಗಿಲ್ಲದಿದ್ದರೆ ಸದ್ದಿಲ್ಲದೆ 5ಕ್ಕೋ 1ಕ್ಕೋ ಇಳಿದು ಹಸಿರು ದೀಪ ತೋರಿಸುತ್ತವೆ.

ಕೊನೆಗೆ ಎರಡೂ ತುದಿಯಲ್ಲಿ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಇರುವ ಕಂಪ್ಯೂಟರ್ ಇಟ್ಟು ವೇಗ ಅಳೆಯುವ ಐಪರ್ಫ್3 ತಂತ್ರಾಂಶ ಓಡಿಸಿ, ನಾಲ್ಕು ಸಮಾಂತರ ಸಂಪರ್ಕ ಕೊಟ್ಟು. 1500ರ ಎಂಟಿಯುನಲ್ಲಿ 9.4 ಗಿಗಾಬಿಟ್ ಆಸುಪಾಸು ಬಂದರೆ ಪೂರ್ತಿ ವೇಗ ಬಂದಂತೆ; ಉಳಿದದ್ದು ಹೆಡರ್‌ಗಳ ಪಾಲು. ಅವತ್ತಿನ ಟಿಎಕ್ಸ್, ಆರ್‌ಎಕ್ಸ್ ಅಳತೆಗಳನ್ನು ದಿನಾಂಕ ಸಮೇತ ಒಂದು ಚೀಟಿಯಲ್ಲಿ ಬರೆದು ಎಲ್‌ಐಯು ಮುಚ್ಚಳದ ಒಳಬದಿಗೆ ಅಂಟಿಸಿ. ಎರಡು ವರ್ಷ ಬಿಟ್ಟು ಲಿಂಕ್ ತೊಂದರೆ ಕೊಟ್ಟಾಗ, ಆವತ್ತಿನ −4.7 ಇವತ್ತು ಎಷ್ಟಾಗಿದೆ ಎನ್ನುವುದೇ ಮೊದಲ ಸುಳಿವು.